ಕಣ್ಣುಬೇನೆಗೆ ಮನೆಮದ್ದು

ನಮ್ಮ ಹಳ್ಳಿಯ ಮನೆಯ ಹಿತ್ತಲಿನಲ್ಲಿ, ಬಾವಿಕಟ್ಟೆಯ ಮಗ್ಗುಲಲ್ಲಿ, ಒಂದು ನಂದಿಬಟ್ಟಲ ಗಿಡವಿತ್ತು. ಬೆಳಗಿನ ಹೂವೆಲ್ಲ ದೇವರಿಗೆ ಸಲ್ಲುತ್ತಿತ್ತು. ಮಳೆಗಾಲದಲ್ಲಿ ಮಾತ್ರ ಅದರಲ್ಲಿ ಒಂದು ಪಾಲು ಮನುಷ್ಯರ ಕಣ್ಣಿಗೆ. ಊರಿನಲ್ಲಿ ಯಾರ ಕಣ್ಣು ಕೆಂಪಾದರೂ ಅವರು ನಮ್ಮ ಅಜ್ಜಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಅಜ್ಜಿ ರಾತ್ರಿ ಹಿತ್ತಾಳೆಯ ಬಟ್ಟಲಲ್ಲಿ ನೀರು ತುಂಬಿ, ಏಳೆಂಟು ಹೂಗಳನ್ನು ಅದರಲ್ಲಿ ಬಿಟ್ಟು, ಮೇಲೊಂದು ತಟ್ಟೆ ಮುಚ್ಚಿಡುವಳು. ಬೆಳಿಗ್ಗೆ ಆ ನೀರನ್ನು ಹನಿಹನಿಯಾಗಿ ನೊಂದ ಕಣ್ಣಿಗೆ ಬಿಡುವಳು. ಅದಕ್ಕೆ ಅವಳು ಯಾರಿಂದಲೂ ಒಂದು ಕಾಸನ್ನೂ ಪಡೆದವಳಲ್ಲ.

ಕಣ್ಣುಬೇನೆಯ ಮನೆಮದ್ದುಗಳನ್ನು ಕುರಿತು ಒಂದಿಷ್ಟು ಮಾತನಾಡಬೇಕೆಂದು ಬಾನುಲಿಯ ಮಿತ್ರರು ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬಟ್ಟಲು. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಪದವಿಪೂರ್ವ ತರಗತಿಯಲ್ಲಿ ನನ್ನಿಂದ ಕನ್ನಡ ಓದಿದ ಹುಡುಗಿಯೊಬ್ಬಳು ಇಂದು ನೇತ್ರವೈದ್ಯೆಯಾಗಿದ್ದಾಳೆ. ನಾನು ಈಗ ಹೇಳಲಿರುವುದರಲ್ಲಿ ಶಾಸ್ತ್ರವಾದದ್ದು ಬಹುಮಟ್ಟಿಗೆ ಅವಳಿಂದ ಕೇಳಿ ತಿಳಿದದ್ದು. ನೆನಪು ಮಾತ್ರ ನನ್ನದು.

ನಮ್ಮ ಕಾವ್ಯಗಳಲ್ಲಿ ಕೆಂಗಣ್ಣು ಎಂದರೆ ಕೋಪ. ಭೀಮಸೇನನ ಕಣ್ಣು ಕೆಂಪಾಯಿತೆಂದರೆ ಕೌರವರ ಕಡೆಯಲ್ಲಿ ಯಾರದೋ ಆಯುಸ್ಸು ತೀರಿತೆಂದೇ ಓದುಗನು ತಿಳಿಯಬೇಕು. ನಿತ್ಯಜೀವನದ ಕೆಂಗಣ್ಣಿಗೆ ಅಷ್ಟು ಭವ್ಯತೆಯಿಲ್ಲ. ಬೆಳಿಗ್ಗೆ ಏಳುವಾಗ ರೆಪ್ಪೆಗಳು ಗೀಜಿನಿಂದ ಅಂಟಿಕೊಂಡಿರುತ್ತವೆ. ಬಿಡಿಸಿ ಕನ್ನಡಿ ನೋಡಿದರೆ ಬಿಳಿಯ ಗುಡ್ಡೆ ಕೆಂಪೇರಿರುತ್ತದೆ. ಮರಳು ಬಿದ್ದಂತೆ ಚುಚ್ಚು, ತಡೆಯಿಲ್ಲದೆ ಸುರಿಯುವ ನೀರು, ಬೆಳಕನ್ನು ಕಂಡರೆ ಅಸಹನೆ. ನಮ್ಮ ಪಟ್ಟಣಗಳಲ್ಲಿ ಇದಕ್ಕೆ 'ಮದ್ರಾಸ್ ಐ' ಎಂಬ ಹೆಸರು ನಿಂತುಬಿಟ್ಟಿದೆ. 1996ರಲ್ಲಿ ಮದರಾಸು ಚೆನ್ನೈ ಆಯಿತು. ರೋಗದ ಹೆಸರು ಮಾತ್ರ ಬದಲಾಗಲಿಲ್ಲ. ತನ್ನ ಮನೆಗೆ ಬಂದ ಪಿಡುಗಿಗೆ ಪರವೂರಿನ ಹೆಸರಿಡುವುದು ಮನುಷ್ಯನ ಹಳೆಯ ಚಾಳಿ. 1969ರಲ್ಲಿ ಆಫ್ರಿಕಾದ ಘಾನಾ ದೇಶದಲ್ಲಿ ರಕ್ತ ಒಸರಿದಂತೆ ಕಣ್ಣು ಕೆಂಪಾಗುವ ಒಂದು ಉಗ್ರವಾದ ಬಗೆ ಮೊದಲಿಗೆ ಕಾಣಿಸಿಕೊಂಡಿತು. ಚಂದ್ರನ ಮೇಲೆ ಮಾನವನು ಕಾಲಿಟ್ಟ ವರ್ಷ ಅದು. ಅಲ್ಲಿಯ ಜನ ರೋಗಕ್ಕೆ 'ಅಪೊಲೊ' ಎಂದೇ ಹೆಸರಿಟ್ಟರು. ಅದೇ ಬೇನೆ 1971ರಲ್ಲಿ ಭಾರತಕ್ಕೆ ಬಂದಾಗ ಬಾಂಗ್ಲಾ ಯುದ್ಧದ ಕಾಲ. ಕಲ್ಕತ್ತೆಯವರು ಅದನ್ನು 'ಜೈ ಬಾಂಗ್ಲಾ' ಎಂದು ಕರೆದರು. ಚಂದ್ರನೂ ನಿರಾಶ್ರಿತರೂ ಇದಕ್ಕೆ ಕಾರಣರಲ್ಲವೆಂದು ಹೇಳಬೇಕಾಗಿಲ್ಲ.

ಹಾಗಾದರೆ ಕಾರಣವೇನು? ಕಣ್ಣಿನ ಬಿಳಿಯ ಭಾಗದ ಮೇಲೆ, ರೆಪ್ಪೆಗಳ ಒಳಮೈಯ ಮೇಲೆ, ಗಾಜಿನಷ್ಟು ತಿಳಿಯಾದ ಒಂದು ತೆಳುಪೊರೆ ಹರಡಿದೆ. ಆ ಪೊರೆ ಕೆರಳಿದಾಗ ಅದರೊಳಗಿನ ನವುರಾದ ರಕ್ತನಾಳಗಳು ಉಬ್ಬಿ ಕಣ್ಣು ಕೆಂಪಾಗಿ ಕಾಣುತ್ತದೆ. ಕೆರಳಿಸುವವು ಮುಖ್ಯವಾಗಿ ಮೂರು. ಒಂದು, ವೈರಸ್ಸು. ಊರಿಗೆ ಊರೇ ಹಬ್ಬುವ ಕಣ್ಣುಬೇನೆ ಬಹುಮಟ್ಟಿಗೆ ಇದರದು. ಗೀಜು ಕಡಿಮೆ, ನೀರು ಹೆಚ್ಚು. ಸಾಮಾನ್ಯವಾಗಿ ಒಂದು ಕಣ್ಣಿನಲ್ಲಿ ಮೊದಲಾಗಿ ಒಂದೆರಡು ದಿನಗಳಲ್ಲಿ ಇನ್ನೊಂದಕ್ಕೂ ತಗುಲುತ್ತದೆ. ಎರಡು, ಬ್ಯಾಕ್ಟೀರಿಯಾ, ಇದರಲ್ಲಿ ಹಳದಿಯೋ ಹಸಿರೋ ಆದ ಗಟ್ಟಿ ಕೀವು. ಮೂರು, ಧೂಳು ಪರಾಗಗಳ ಒಗ್ಗದಿಕೆ. ಇದರಲ್ಲಿ ತುರಿಕೆಯೇ ಪ್ರಧಾನ, ಮತ್ತು ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಮೊದಲನೆಯ ಬಗೆಗೆ ಎಂದರೆ ಸಾಮಾನ್ಯವಾದ ವೈರಸ್ ಬೇನೆಗೆ, ಅದನ್ನು ಕೊಲ್ಲುವ ಔಷಧವೆಂಬುದು ಇಂದಿಗೂ ಬಳಕೆಯಲ್ಲಿಲ್ಲ. ಒಂದೆರಡು ವಾರಗಳಲ್ಲಿ ದೇಹವೇ ಅದನ್ನು ಗೆದ್ದುಕೊಳ್ಳುತ್ತದೆ. ಈ ಒಂದು ಮಾತನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮನೆಮದ್ದುಗಳ ಕೀರ್ತಿಯೆಲ್ಲ ನಿಂತಿರುವುದು ಇದರ ಮೇಲೆಯೇ.

1971ರ ಆ ಮಳೆಗಾಲದಲ್ಲಿ ನನಗೆ ಹತ್ತು ವರ್ಷ. ನಮ್ಮದು ಕೂಡುಕುಟುಂಬ. ಮೊದಲು ದೊಡ್ಡಪ್ಪನ ಮಗನ ಕಣ್ಣು ಕೆಂಪಾಯಿತು. ನಾಲ್ಕನೆಯ ದಿನಕ್ಕೆ ಮನೆಯ ಮಕ್ಕಳೆಲ್ಲ ಕೆಂಗಣ್ಣರೇ. ಅಜ್ಜಿ ನಮ್ಮನ್ನೆಲ್ಲ ನಡುಮನೆಯ ಮಂದ ಬೆಳಕಿನಲ್ಲಿ ಸಾಲಾಗಿ ಮಲಗಿಸಿದಳು. ಹಳೆಯ ಪಂಚೆಯನ್ನು ಹರಿದು, ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿ, ತಲೆಗೊಂದರಂತೆ ತುಂಡು ಕೊಟ್ಟಳು. "ನಿನ್ನ ಬಟ್ಟೆ ನಿನಗೆ. ಇನ್ನೊಬ್ಬನದನ್ನು ಮುಟ್ಟಿದರೆ ಕೈ ಮುರಿದೇನು" ಎಂದು ಗದರಿಸಿದಳು. ಸಂಜೆ ಆ ಬಟ್ಟೆಗಳು ಕುದಿಯುವ ನೀರಿಗೆ ಬೀಳುತ್ತಿದ್ದವು. ನೆತ್ತಿಗೆ ಹರಳೆಣ್ಣೆ, ಊಟಕ್ಕೆ ಬಿಸಿ ಅನ್ನ, ತಿಳಿಸಾರು, ಶಾಲೆ ಇಲ್ಲ, ನೆರೆಮನೆಯ ಮಕ್ಕಳಿಗೆ ನಮ್ಮ ಅಂಗಳಕ್ಕೆ ಪ್ರವೇಶವಿಲ್ಲ. ಬೆಳಿಗ್ಗೆ ನಂದಿಬಟ್ಟಲ ನೀರು. ಎಂಟು ಹತ್ತು ದಿನಗಳಲ್ಲಿ ನಾವೆಲ್ಲರೂ ಗುಣವಾದೆವು. ಕೀರ್ತಿಯೆಲ್ಲ ನಂದಿಬಟ್ಟಲಿಗೆ ಹೋಯಿತು.

ನಮ್ಮ ಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗನಿದ್ದ. ನನಗಿಂತ ಎರಡು ವರ್ಷ ದೊಡ್ಡವನು. ಈಜು ಕಲಿಸಿದವನು, ಗಾಳ ಹಾಕುವುದನ್ನು ತೋರಿಸಿಕೊಟ್ಟವನು. ನಾವು ಚೇತರಿಸಿಕೊಳ್ಳುತ್ತಿದ್ದ ಹೊತ್ತಿಗೆ ಅವನ ಬಲಗಣ್ಣು ಕೆಂಪಾಯಿತು. ಊರೆಲ್ಲ ಕಣ್ಣುಬೇನೆಯಿದ್ದಾಗ ಅವನದೂ ಅದೇ ಎಂದು ಹಿರಿಯರು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಅಜ್ಜಿ ನಮಗೆ ಮಾಡಿದ ಉಪಚಾರವನ್ನೇ ಅವನಿಗೂ ಮಾಡಿದಳು, ಭೇದವೆಣಿಸಲಿಲ್ಲ. ಆದರೆ ಅವನದು ಕಣ್ಣುಬೇನೆಯಲ್ಲ. ಎರಡು ದಿನದ ಹಿಂದೆ ಬಣವೆಯಿಂದ ಹುಲ್ಲು ಹಿರಿಯುವಾಗ ಒಂದು ಒರಟು ಎಳೆ ಅವನ ಕಣ್ಣಿಗೆ ಬಡಿದಿತ್ತು. ಅದನ್ನು ಅವನು ನನಗೆ ಹೇಳಿದ್ದ. ನನಗೊಬ್ಬನಿಗೇ ಹೇಳಿದ್ದ. ಅದು ಹಿರಿಯರಿಗೆ ಹೇಳಬೇಕಾದ ಸಂಗತಿಯೆಂದು ನನಗೆ ತೋರಲೇ ಇಲ್ಲ.

ನೀರು ಬಿಟ್ಟಷ್ಟೂ ಅವನ ನೋವು ಹೆಚ್ಚಿತು. ಹೂವಿನ ನೀರು ಸಾಲದೆಂದು ಯಾರೋ ಹೇಳಿದ ಒಂದು ಸೊಪ್ಪಿನ ರಸವನ್ನೂ ಹಿಂಡಿದ್ದಾಯಿತು. ಒಂದು ವಾರದ ಮೇಲೆ ಕಪ್ಪುಗುಡ್ಡೆಯ ನಡುವೆ ಅಕ್ಕಿಕಾಳಿನಷ್ಟು ಬಿಳಿಯ ಕಲೆ ಕಾಣಿಸಿಕೊಂಡಿತು. ಆಮೇಲೆ ಗಾಡಿ ಕಟ್ಟಿ ತಾಲ್ಲೂಕಿಗೆ, ಅಲ್ಲಿಂದ ಬಸ್ಸಿನಲ್ಲಿ ದೊಡ್ಡ ಊರಿಗೆ ಕರೆದುಕೊಂಡು ಹೋದರು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ. ಇಂಥ ಕಣ್ಣಿಗೆ ನಮ್ಮ ಭಾಷೆಯಲ್ಲಿ 'ಹೂವು ಬಿದ್ದ ಕಣ್ಣು' ಎಂದು ಹೆಸರು. ಆ ಪದವನ್ನು ಯಾರಾದರೂ ಆಡಿದರೆ ನನಗೆ ಈ ವಯಸ್ಸಿನಲ್ಲಿಯೂ ಆ ಹಿತ್ತಾಳೆಯ ಬಟ್ಟಲು ನೆನಪಾಗುತ್ತದೆ.

ಅಜ್ಜಿ ಅಂದಿನಿಂದ ಯಾರ ಕಣ್ಣಿಗೂ ನಂದಿಬಟ್ಟಲು ನೆನೆಹಾಕಲಿಲ್ಲ. ಬಂದವರನ್ನು ಡಾಕ್ಟರ ಬಳಿಗೆ ಹೋಗಿರೆಂದು ಕಳುಹಿಸುತ್ತಿದ್ದಳು. ಒಮ್ಮೆ ಮಾತ್ರ, ಹೂ ಬಿಡಿಸುತ್ತಿದ್ದಾಗ, "ಹುಲ್ಲು ಬಡಿದಿತ್ತು ಅಂತ ಒಬ್ಬರಾದರೂ ನನಗೆ ಹೇಳಲಿಲ್ಲವಲ್ಲ ಮಗು" ಎಂದಳು. ನಾನು ಬುಟ್ಟಿ ಹಿಡಿದುಕೊಂಡು ನಿಂತಿದ್ದೆ, ಬಾಯಿ ಬಿಡಲಿಲ್ಲ. ಅವಳು ತೀರಿಕೊಳ್ಳುವವರೆಗೂ ಹೇಳಲಿಲ್ಲ.

ಬಹಳ ವರ್ಷಗಳ ಮೇಲೆ ಇದನ್ನು ನನ್ನ ಆ ವಿದ್ಯಾರ್ಥಿನಿಗೆ ಹೇಳಿದೆ. "ಸರ್, ನಿಮ್ಮ ಅಜ್ಜಿಯಂಥವರು ಊರೂರಿನಲ್ಲಿಯೂ ಇದ್ದರು" ಎಂದಳು. ಹುಲ್ಲು, ಹೊಟ್ಟು, ಎಲೆಯ ಅಂಚು ತಾಗಿ ಕಪ್ಪುಗುಡ್ಡೆಯ ಮೇಲೆ ಗೀರು ಬಿದ್ದರೆ ಅಲ್ಲಿ ಬೂಷ್ಟು ಬೇರೂರಬಹುದಂತೆ. ಅದರ ಮೇಲೆ ಕಾಯಿಸದ ನೀರು, ಸೊಪ್ಪಿನ ರಸ ಬಿದ್ದರೆ ಗಾಯ ಹುಣ್ಣಾಗುತ್ತದೆ. ಹುಣ್ಣು ಮಾಗಿದರೆ ಬಿಳಿಯ ಕಲೆ. ಕಣ್ಣುಬೇನೆಗೂ ಈ ಹುಣ್ಣಿಗೂ ಹೊರನೋಟಕ್ಕೆ ಒಂದೇ ಕೆಂಪು. ಒಂದು ತಾನಾಗಿ ಗುಣವಾಗುವ ರೋಗ. ಇನ್ನೊಂದು ದಿನದಿನಕ್ಕೂ ನೋಟವನ್ನು ತಿನ್ನುವ ರೋಗ. ಮನೆಮದ್ದಿನ ಅಪಾಯವಿರುವುದು ಇಲ್ಲಿಯೇ. ಮದ್ದು ಮಾತ್ರವಲ್ಲ, ಮದ್ದನ್ನು ನಂಬಿ ಕಳೆದ ದಿನಗಳೂ ಕಣ್ಣನ್ನು ಕೆಡಿಸುತ್ತವೆ.

ಹಾಗೆಂದು ಅಜ್ಜಿಯದೆಲ್ಲ ಅಜ್ಞಾನವೆಂದು ನಾನು ಹೇಳಲಾರೆ. ಅವಳು ಮಾಡಿದ್ದರಲ್ಲಿ ಎರಡು ಪಾಲುಗಳಿದ್ದವು. ಕಣ್ಣಿನೊಳಕ್ಕೆ ಹಾಕಿದ್ದು ಒಂದು, ಕಣ್ಣಿನ ಹೊರಗೆ ಮಾಡಿದ್ದು ಇನ್ನೊಂದು. ಊರು ಹೊಗಳಿದ್ದು ಮೊದಲನೆಯದನ್ನು. ನಮ್ಮನ್ನು ಕಾಪಾಡಿದ್ದು ಎರಡನೆಯದು. ತಲೆಗೊಂದು ಬಟ್ಟೆ, ಕುದಿಯುವ ನೀರು, ಮಂದ ಬೆಳಕು, ವಿಶ್ರಾಂತಿ, ನೆರೆಯವರಿಂದ ದೂರ: ಇಂದಿನ ನೇತ್ರವೈದ್ಯರು ಹೇಳುವುದೂ ಇದನ್ನೇ. ಅರಿಶಿನ ಬಟ್ಟೆಯ ಗುಣವಿದ್ದದ್ದು ಅರಿಶಿನದಲ್ಲಲ್ಲ, ಅದು ಒಬ್ಬನದೇ ಬಟ್ಟೆಯಾಗಿದ್ದುದರಲ್ಲಿ.

ಈ ಅರಿವು ನಮ್ಮ ನಾಡಿಗೆ ಹೊಸದೂ ಅಲ್ಲ. ಸುಶ್ರುತಸಂಹಿತೆಯಲ್ಲಿ ಕಣ್ಣುಬೇನೆಗೆ ಅಭಿಷ್ಯಂದವೆಂದು ಹೆಸರು. ಮನುಷ್ಯನಿಂದ ಮನುಷ್ಯನಿಗೆ ದಾಟುವ ರೋಗಗಳನ್ನು ಹೇಳುವಾಗ ಸುಶ್ರುತನು ಕುಷ್ಠ, ಜ್ವರ, ಕ್ಷಯಗಳ ಜೊತೆಗೆ ಇದನ್ನೂ ಸೇರಿಸುತ್ತಾನೆ. ದಾಟುವ ದಾರಿಗಳನ್ನೂ ಎಣಿಸುತ್ತಾನೆ: ಮೈ ಸೋಕುವುದು, ಉಸಿರು, ಒಟ್ಟಿಗೆ ಉಣ್ಣುವುದು, ಹಾಸಿಗೆ ಆಸನಗಳನ್ನು ಹಂಚಿಕೊಳ್ಳುವುದು, ಬಟ್ಟೆ, ಹೂಮಾಲೆ, ಲೇಪನ. ನೋಟದಿಂದ ದಾಟುತ್ತದೆಂದು ಅವನು ಹೇಳಿಲ್ಲ. ಆದರೆ ಕಣ್ಣುಬೇನೆಯಾದವರ ಮುಖ ನೋಡಿದರೆ ನಮಗೂ ಬರುತ್ತದೆಂಬ ನಂಬಿಕೆ ಇಂದಿಗೂ ವಿದ್ಯಾವಂತರ ಮನೆಗಳಲ್ಲಿಯೂ ಇದೆ. ನೋಟಕ್ಕೆ ಅಂಥ ಶಕ್ತಿಯಿಲ್ಲ. ರೋಗಿ ಕಣ್ಣನ್ನು ಉಜ್ಜುತ್ತಾನೆ. ಅದೇ ಕೈಯಿಂದ ಬಾಗಿಲ ಚಿಲಕವನ್ನು, ಲೋಟವನ್ನು, ದೂರವಾಣಿಯನ್ನು ಮುಟ್ಟುತ್ತಾನೆ. ನಾವು ಅವನ್ನು ಮುಟ್ಟಿ ನಮ್ಮ ಕಣ್ಣನ್ನು ಉಜ್ಜಿಕೊಳ್ಳುತ್ತೇವೆ. ಕೆಲವು ವೈರಸ್ಸುಗಳು ಒಣ ವಸ್ತುಗಳ ಮೇಲೆ ಹಲವು ದಿನ ಉಳಿಯಬಲ್ಲವು. ಕಪ್ಪು ಕನ್ನಡಕ ರೋಗಿಗೆ ಬೆಳಕಿನಿಂದ ನೆಮ್ಮದಿ ಕೊಡುತ್ತದೆ; ರೋಗವನ್ನು ತಡೆಯುವುದು ಸಾಬೂನು.

ಇನ್ನು ಕಣ್ಣಿಗೆ ಹಾಕುವ ಮದ್ದುಗಳ ವಿಚಾರ. ನಂದಿಬಟ್ಟಲು ತೊಟ್ಟು ಮುರಿದರೆ ಹಾಲು ಒಸರುವ ಗಿಡ. ಅದರ ಹೂವನ್ನು ರಾತ್ರಿಯೆಲ್ಲ ನೆನೆಸಿದ ನೀರಿನಲ್ಲಿ ಔಷಧಕ್ಕಿಂತ ಹೆಚ್ಚಾಗಿ ಬೆಳೆಯುವುದು ಕ್ರಿಮಿ. ತಾಯಿಯ ಎದೆಹಾಲು ಮಗುವಿನ ಹೊಟ್ಟೆಗೆ ಅಮೃತವೇ ಸರಿ. ಅದರಲ್ಲಿ ರೋಗನಿರೋಧಕ ಅಂಶಗಳಿರುವುದೂ ನಿಜ. ಆದರೂ ಕೀವುಗಟ್ಟಿದ ಕಣ್ಣಿಗೆ ಅದು ಚಿಕಿತ್ಸೆಯಲ್ಲ. ಜೇನುತುಪ್ಪ, ಪನ್ನೀರು, ಕೊತ್ತಂಬರಿ ಬೀಜದ ಕಷಾಯ ಅಡುಗೆಮನೆಗೆ ಶುದ್ಧವಾಗಿರಬಹುದು. ಕಣ್ಣು ಕೇಳುವ ಶುದ್ಧಿ ಬೇರೆ. ಪಟಿಕದ ನೀರು, ನಿಂಬೆಯ ರಸ, ಸೊಪ್ಪಿನ ರಸಗಳನ್ನಂತೂ ಹತ್ತಿರ ತರಬಾರದು. ನೆತ್ತಿಯ ಮೇಲಿನ ಹರಳೆಣ್ಣೆ ಕಣ್ಣನ್ನು ಗುಣಪಡಿಸದು, ಕೆಡಿಸುವುದೂ ಇಲ್ಲ. ಅಜ್ಜಿಯ ಕೈ ನೆತ್ತಿಯ ಮೇಲಿರುವುದರಿಂದ ಮಗುವಿಗೆ ನಿದ್ದೆ ಬಂದರೆ ಅದು ಲಾಭ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದೆಂದು ನಮ್ಮಲ್ಲಿ ನುಡಿಗಟ್ಟುಂಟು. ಕಾಯುವುದು ಒಳ್ಳೆಯದು, ಎಣ್ಣೆಯನ್ನು ನುಡಿಗಟ್ಟಿನಲ್ಲಿಯೇ ಬಿಡೋಣ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಕುದಿಸಿ ಆರಿಸಿದ ನೀರಿನಲ್ಲಿ ಶುದ್ಧವಾದ ಹತ್ತಿಯನ್ನು ಅದ್ದಿ, ಮೂಗಿನ ಕಡೆಯಿಂದ ಕಿವಿಯ ಕಡೆಗೆ ರೆಪ್ಪೆಯನ್ನು ಮೃದುವಾಗಿ ಒಮ್ಮೆ ಒರೆಸಬೇಕು. ಒಮ್ಮೆ ಒರೆಸಿದ ಹತ್ತಿಯನ್ನು ಮತ್ತೆ ಬಳಸದೆ ಎಸೆಯಬೇಕು. ಇನ್ನೊಂದು ಕಣ್ಣಿಗೆ ಬೇರೆಯ ಹತ್ತಿ. ಒರೆಸುವ ಮೊದಲೂ ಆಮೇಲೂ ಸಾಬೂನಿನಿಂದ ಕೈ ತೊಳೆಯಬೇಕು. ತಣ್ಣೀರಿನಲ್ಲಿ ಹಿಂಡಿದ ಚೊಕ್ಕಟವಾದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲೆ ಐದು ಹತ್ತು ನಿಮಿಷ ಇಟ್ಟರೆ ಉರಿ ಶಮನವಾಗುತ್ತದೆ. ಟವೆಲು, ದಿಂಬಿನ ಚೀಲ, ಹಾಸಿಗೆ ಬೇರೆಯಾಗಿರಲಿ; ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಲಿ. ಕಣ್ಣಿಗೆ ಪಟ್ಟಿ ಕಟ್ಟಬಾರದು. ಕಾಡಿಗೆ ಹಚ್ಚಬಾರದು. ಕಣ್ಣೊಳಗೆ ಮಸೂರ ಇಟ್ಟುಕೊಳ್ಳುವ ಅಭ್ಯಾಸವಿರುವವರು ಕೂಡಲೇ ಅದನ್ನು ತೆಗೆದು ವೈದ್ಯರನ್ನು ಕಾಣಬೇಕು. ಕೆಂಪು ಮತ್ತು ನೀರು ನಿಲ್ಲುವವರೆಗೆ ಶಾಲೆ, ಕಚೇರಿ, ಮದುವೆಮನೆ, ಈಜುಕೊಳಗಳಿಂದ ದೂರವಿರುವುದು ಸೌಜನ್ಯ. ಇಷ್ಟೇ ಮನೆಮದ್ದು. ಇದರಲ್ಲಿ ಕಣ್ಣಿನೊಳಗೆ ಹಾಕುವುದು ಒಂದೂ ಇಲ್ಲವೆಂಬುದನ್ನು ತಾವು ಗಮನಿಸಿರಬಹುದು.

ಪಟ್ಟಣದವರಾದ ನಾವು ನಂದಿಬಟ್ಟಲನ್ನು ಬಿಟ್ಟೆವೆಂದು ಹೆಮ್ಮೆಪಡುವಂತೆಯೂ ಇಲ್ಲ. ನಮ್ಮ ಇಂದಿನ ನಂದಿಬಟ್ಟಲು ಔಷಧದ ಅಂಗಡಿಯಲ್ಲಿದೆ. "ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ" ಎನ್ನುತ್ತೇವೆ. ಕೆಲವು ಹನಿಗಳಲ್ಲಿ ಸ್ಟೀರಾಯಿಡ್ ಇರುತ್ತದೆ. ಅದನ್ನು ಹಾಕಿದ ಮರುದಿನವೇ ಕೆಂಪು ಇಳಿಯುತ್ತದೆ, ನಮಗೆ ಸಂತೋಷ. ಆದರೆ ಒಳಗಿರುವುದು ಕಪ್ಪುಗುಡ್ಡೆಯ ಹುಣ್ಣಾಗಿದ್ದರೆ ಆ ಹನಿ ಅದನ್ನು ಉಲ್ಬಣಗೊಳಿಸುತ್ತದೆ. ವೈದ್ಯರ ಕಣ್ಗಾವಲಿಲ್ಲದೆ ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಕಳೆದ ವರ್ಷ ಒಡೆದಿಟ್ಟ ಸೀಸೆಯನ್ನು ಈ ವರ್ಷ ಬಳಸುವುದು, ಮನೆಯವರೆಲ್ಲ ಒಂದೇ ಸೀಸೆಯಿಂದ ಹನಿ ಹಾಕಿಕೊಳ್ಳುವುದು, ಇವೂ ಅಷ್ಟೇ ಅವಿವೇಕ. ಸಾಮಾನ್ಯವಾಗಿ ಸೀಸೆಯ ಮುಚ್ಚಳ ತೆರೆದ ಒಂದು ತಿಂಗಳಿಗೆ ಅದನ್ನು ಎಸೆಯಬೇಕು.

ವೈದ್ಯರ ಬಳಿಗೆ ತಡಮಾಡದೆ ಹೋಗಬೇಕಾದ ಸಂದರ್ಭಗಳು ಕೆಲವಿವೆ. ಬರಿಯ ಚುಚ್ಚಲ್ಲದೆ ನಿಜವಾದ ನೋವಿದ್ದರೆ, ನೋಟ ಮಂಜಾದರೆ, ಬೆಳಕನ್ನು ಸ್ವಲ್ಪವೂ ಸಹಿಸಲಾಗದಿದ್ದರೆ, ಕಪ್ಪುಗುಡ್ಡೆಯ ಮೇಲೆ ಬಿಳಿಯ ಚುಕ್ಕೆ ಕಂಡರೆ, ಗಟ್ಟಿ ಕೀವು ಸುರಿಯುತ್ತಿದ್ದರೆ, ಒಂದು ವಾರಕ್ಕೂ ಇಳಿಮುಖ ಕಾಣದಿದ್ದರೆ, ಎಲ್ಲಕ್ಕಿಂತ ಮೊದಲು, ಕಣ್ಣಿಗೆ ಏನಾದರೂ ಬಡಿದಿದ್ದರೆ ಅಥವಾ ಬಿದ್ದಿದ್ದರೆ. ಸುಣ್ಣವೇ ಮೊದಲಾದುವು ಸಿಡಿದಿದ್ದರೆ ಆ ಕ್ಷಣವೇ ಶುದ್ಧವಾದ ನೀರನ್ನು ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಕಣ್ಣಿಗೆ ಸುರಿದು, ಬಳಿಕ ಆಸ್ಪತ್ರೆಗೆ ಓಡಬೇಕು. ಹುಟ್ಟಿದ ಮೊದಲ ತಿಂಗಳಿನ ಕೂಸಿನ ಕಣ್ಣು ಕೆಂಪಾಗಿ ಕೀವು ಬಂದರೆ ಅದು ಮನೆಯ ಮಾತೇ ಅಲ್ಲ, ಅಂದೇ ತೋರಿಸಬೇಕು. ಒಂದು ಕಾಲಕ್ಕೆ ಎಷ್ಟೋ ಕೂಸುಗಳು ಹೆರಿಗೆಯ ವೇಳೆಯ ಸೋಂಕಿನಿಂದ ಕುರುಡಾಗುತ್ತಿದ್ದವು. 1880ರ ಸುಮಾರಿನಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಕ್ರೆಡೆ ಎಂಬ ವೈದ್ಯನು ಹುಟ್ಟಿದ ಕೂಡಲೇ ಕೂಸಿನ ಕಣ್ಣಿಗೆ ಬೆಳ್ಳಿಯ ಲವಣದ ಹನಿ ಹಾಕುವ ಕ್ರಮವನ್ನು ತಂದ ಮೇಲೆ ಆ ಕುರುಡು ಬಹಳ ಕಡಿಮೆಯಾಯಿತು. ಕಣ್ಣಿಗೆ ಹನಿ ಹಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಯಾವ ರೋಗಕ್ಕೆ ಯಾವ ಹನಿ ಎಂಬುದನ್ನು ಬಲ್ಲವರು ಹಾಕಬೇಕು.

2023ರ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಕಣ್ಣುಬೇನೆ ನಮ್ಮ ರಾಜ್ಯದಲ್ಲೆಲ್ಲ ಹಬ್ಬಿದ್ದು ತಮಗೆ ನೆನಪಿರಬಹುದು. ಒಂದು ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಕಣ್ಣು ಉಜ್ಜಿಕೊಳ್ಳುತ್ತ ಬಂದಳು. ಸೊಸೆ, "ಮಾವ, ಇವಳ ತರಗತಿಯಲ್ಲಿ ಅರ್ಧ ಮಕ್ಕಳಿಗೆ ಬಂದಿದೆಯಂತೆ, ಇದೂ ಅದೇ ಇರಬೇಕು" ಎಂದಳು. ನಾನು ಮಗುವನ್ನು ಬೆಳಕಿಗೆ ಕರೆದು ಕೂರಿಸಿ, "ಪುಟ್ಟಿ, ಕಣ್ಣಿಗೆ ಏನಾದರೂ ಬಿತ್ತೇನಮ್ಮ? ಯಾರಾದರೂ ಏನಾದರೂ ತಾಗಿಸಿದರೇ?" ಎಂದು ಕೇಳಿದೆ. "ಇಲ್ಲ ತಾತ" ಎಂದಳು. ಮತ್ತೊಮ್ಮೆ ಕೇಳಿದೆ. ಮೂರನೆಯ ಸಲ ಕೇಳಿದಾಗ ಅವಳಿಗೆ ಬೇಸರವಾಯಿತು. ಮರುದಿನ ಬೆಳಿಗ್ಗೆ ವೈದ್ಯೆಗೆ ತೋರಿಸಿದೆವು. ಬರಿಯ ಕಣ್ಣುಬೇನೆಯೇ ಎಂದು ಖಚಿತವಾಯಿತು. ತಲೆಗೊಂದು ಟವೆಲು, ತಣ್ಣೀರಿನ ಬಟ್ಟೆ, ಸಾಬೂನು, ವಿಶ್ರಾಂತಿ. ಒಂಬತ್ತನೆಯ ದಿನಕ್ಕೆ ಕಣ್ಣು ತಿಳಿಯಾಯಿತು.

ಶ್ರೋತೃಗಳೇ, ತಮ್ಮ ಮನೆಯಲ್ಲಿ ಯಾರದಾದರೂ ಕಣ್ಣು ಕೆಂಪಾದರೆ ಮದ್ದನ್ನು ಹುಡುಕುವ ಮೊದಲು ಆ ಪ್ರಶ್ನೆಯನ್ನು ಕೇಳಿ. ಮನೆಯ ಮಕ್ಕಳನ್ನು ಕೇಳಿ; ಮನೆಯಲ್ಲಿ ಕೆಲಸ ಮಾಡುವವರ ಮಕ್ಕಳನ್ನೂ ಕೇಳಿ. ಅವರು ಹೇಳಲು ಅಂಜುತ್ತಾರೆ. ಅವರ ಗೆಳೆಯರಿಗೆ ಗೊತ್ತಿರುತ್ತದೆ, ಗೆಳೆಯರನ್ನೂ ಕೇಳಿ. ನಮ್ಮ ಹಿತ್ತಲಿನ ನಂದಿಬಟ್ಟಲು ಈಗಲೂ ಹೂ ಬಿಡುತ್ತಿದೆಯೆಂದು ಊರಿನಿಂದ ಬಂದವರು ಹೇಳುತ್ತಾರೆ. ಅದು ದೇವರ ತಲೆಯ ಮೇಲಿರಲಿ.